ಮರಿನಾಯಿಯ ಉಣ್ಣೆಗೆ ಹಸುವಿನ ಔಷಧಿ: ಎರಡು ಇಲಾಖೆಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ರಾಜ್ಯದ ಔಷಧ ಆಡಳಿತದ ಮುಖ್ಯಸ್ಥರು
ಮತ್ತು
ಆಯುಕ್ತರು, ಪಶುಪಾಲನೆ ಮತ್ತು ಪಶುವೈದ್ಯ ಸೇವೆಗಳ ಇಲಾಖೆ
ಬೆಂಗಳೂರು

ವಿಷಯ: ನಾಯಿಗಳ ಉಣ್ಣೆ, ಚಿಗಟಕ್ಕೆ ಮಾರುವ ಔಷಧಿಗಳ ಜೊತೆ ಕನಿಷ್ಠ ವಯಸ್ಸು, ಕನಿಷ್ಠ ತೂಕವನ್ನು ಕನ್ನಡದಲ್ಲಿ ತಿಳಿಸುವ ಬಗ್ಗೆ, ಮತ್ತು ಚೀಟಿಯಿಲ್ಲದ ಬಿಡಿ ಮಾರಾಟ ನಿಲ್ಲಿಸುವ ಬಗ್ಗೆ.

ಮಾನ್ಯರೇ,

ನಾನು ತಿಪಟೂರಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿರುವವನು. ಫಾರ್ಮಸಿ ಓದಿದ್ದೇನೆ, ಪಶುವೈದ್ಯನಲ್ಲ. ಅಂಗಡಿಯ ಒಂದು ಕಪಾಟು ದನಕರು, ಕುರಿ, ನಾಯಿಗಳ ಔಷಧಿಗೆ ಮೀಸಲು. ಮಾರ್ಚಿಯಿಂದ ಮಳೆ ಹಿಡಿಯುವವರೆಗೆ ಆ ಕಪಾಟಿನಿಂದ ಹೆಚ್ಚು ಕೇಳಿ ಬರುವುದು ಉಣ್ಣೆಯ ಔಷಧಿ. ಮೊದಲು ಹಸುವಿಗೆ ಮಾತ್ರ ಕೇಳುತ್ತಿದ್ದರು. ಈಗ ತೋಟದ ಮನೆಗೊಂದು ಲ್ಯಾಬ್ರಡಾರ್, ಬಡಾವಣೆಗೊಂದು ಡಜನ್ ಪೊಮೆರೇನಿಯನ್ ಬಂದಿವೆ. ಬೀದಿಯ ಮರಿಗಳನ್ನು ಎತ್ತಿಕೊಂಡು ಬಂದು ಸಾಕುವ ಕಾಲೇಜು ಹುಡುಗ ಹುಡುಗಿಯರೂ ಹೆಚ್ಚಾಗಿದ್ದಾರೆ. ಅದು ಒಳ್ಳೆಯದೇ. ಆದರೆ ಕೌಂಟರಿನಲ್ಲಿ ನಡೆಯುವ ಮಾತು ಬಹುಪಾಲು ಹೀಗಿರುತ್ತದೆ:

"ಅಣ್ಣ, ನಾಯಿಮರಿಗೆ ಉಣ್ಣೆ ಹತ್ಕೊಂಡವೆ. ಏನಾದ್ರೂ ಕೊಡಿ."

"ಮರಿ ಎಷ್ಟು ದಿನದ್ದು?"

"ತಂದು ಹದಿನೈದು ದಿನ ಆಯ್ತು."

"ತಂದಿದ್ದಲ್ಲಮ್ಮ, ಹುಟ್ಟಿ ಎಷ್ಟು ದಿನ?"

"ಅದೆಲ್ಲಾ ಗೊತ್ತಿಲ್ಲ ಕಣಣ್ಣ. ಇಷ್ಟುದ್ದ ಐತೆ."

ಎಂದು ಕೈಯಲ್ಲಿ ಅಳತೆ ತೋರಿಸುತ್ತಾರೆ. ತೂಕ ಕೇಳಿದರೆ ನಗುತ್ತಾರೆ. ನಾನು ಮರಿಯನ್ನು ತನ್ನಿ, ಇಲ್ಲವೇ ಪಶು ಆಸ್ಪತ್ರೆಗೆ ತೋರಿಸಿ ಚೀಟಿ ತನ್ನಿ ಎಂದರೆ, ಮುಖ ಸಣ್ಣದು ಮಾಡಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಾರೆ. ಅಲ್ಲಿ ಸಿಗುತ್ತದೆ. ಹಸುವಿನ ಔಷಧಿಯ ದೊಡ್ಡ ಬಾಟಲಿಯಿಂದ ಕೆಮ್ಮಿನ ಸಿರಪ್ಪಿನ ಖಾಲಿ ಬಾಟಲಿಗೆ ಒಂದಿಷ್ಟು ಬಗ್ಗಿಸಿ, "ಒಂದು ಮುಚ್ಚಳ ಚೊಂಬು ನೀರಿಗೆ ಹಾಕಿ ಸ್ನಾನ ಮಾಡಿಸಿ" ಎಂದು ಕೊಡುತ್ತಾರೆ. ಆ ಬಾಟಲಿಯ ಮೇಲೆ ಔಷಧಿಯ ಹೆಸರಿಲ್ಲ, ಪ್ರಮಾಣವಿಲ್ಲ, ದಿನಾಂಕವಿಲ್ಲ. ಕೆಲವು ಸಲ ಹಳೆಯ ಕೆಮ್ಮಿನ ಔಷಧಿಯ ಲೇಬಲ್ಲೇ ಉಳಿದಿರುತ್ತದೆ. ಮಕ್ಕಳಿರುವ ಮನೆಗೆ ಇಂಥದ್ದು ಹೋಗುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆ ಔಷಧಿ ಹೆಚ್ಚಿನ ಸಲ ಅಮಿಟ್ರಾಜ್. ಹಸುವಿನ ಉಣ್ಣೆಗೆ ಅದು ಒಳ್ಳೆಯ ಔಷಧಿ, ಅದರಲ್ಲಿ ಎರಡು ಮಾತಿಲ್ಲ. 12.5 ಪರ್ಸೆಂಟಿನ ದ್ರಾವಣ, ಅಂದರೆ ಪ್ರತಿ ಮಿಲಿಯಲ್ಲಿ 125 ಮಿಲಿಗ್ರಾಂ. ಲೀಟರ್ ನೀರಿಗೆ 2 ಮಿಲಿ ಬೆರೆಸಿದರೆ ನೀರಿನಲ್ಲಿ ಅದರ ಪ್ರಮಾಣ 0.025 ಪರ್ಸೆಂಟ್ ಆಗುತ್ತದೆ. ಬೆಳೆದ ನಾಯಿಯ ಹುಳುಕಜ್ಜಿಗೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪ್ರಮಾಣವೂ ಅಷ್ಟೇ. ಈಗ ಮುಚ್ಚಳದ ಲೆಕ್ಕ ನೋಡಿ. ನನ್ನ ಕಪಾಟಿನಲ್ಲಿದ್ದ ಒಂದು ಬಾಟಲಿಯ ಮುಚ್ಚಳಕ್ಕೆ ನೀರು ತುಂಬಿ ಸಿರಿಂಜಿನಲ್ಲಿ ಎಳೆದು ನೋಡಿದೆ: 5 ಮಿಲಿ. ಅರ್ಧ ಲೀಟರಿನ ಚೊಂಬಿಗೆ ಅದನ್ನು ಹಾಕಿದರೆ 0.125 ಪರ್ಸೆಂಟ್. ಐದು ಪಟ್ಟು. ಅದೂ ಬೆಳೆದ ನಾಯಿಯ ಲೆಕ್ಕಕ್ಕೆ ಐದು ಪಟ್ಟು. ಮರಿಯ ಲೆಕ್ಕವನ್ನು ಹಾಕುವ ಪ್ರಶ್ನೆಯೇ ಇಲ್ಲ, ಯಾಕೆಂದರೆ ಮೂರು ನಾಲ್ಕು ತಿಂಗಳೊಳಗಿನ ಮರಿಗೆ ಇದನ್ನು ಬಳಸಬೇಡಿ ಎಂದೇ ಹೊರದೇಶದ ಲೇಬಲ್ಲುಗಳು ಹೇಳುತ್ತವೆ. ಚಿವಾವಾದಂಥ ಪುಟ್ಟ ತಳಿಗೆ ಎಷ್ಟೇ ವಯಸ್ಸಾಗಿದ್ದರೂ ಬೇಡ ಎನ್ನುವ ಲೇಬಲ್ಲೂ ಇದೆ.

ಅಮಿಟ್ರಾಜ್ ಹೆಚ್ಚಾದಾಗ ಮರಿ ಒದ್ದಾಡುವುದಿಲ್ಲ, ಕಿರುಚುವುದಿಲ್ಲ. ಸುಮ್ಮನೆ ಮಲಗುತ್ತದೆ. ಮನೆಯವರು ಸ್ನಾನ ಮಾಡಿಸಿದ್ದಕ್ಕೆ ಹಾಯಾಗಿ ನಿದ್ದೆ ಹೋಯಿತು ಎಂದುಕೊಳ್ಳುತ್ತಾರೆ. ಒಳಗೆ ಎದೆಬಡಿತ ನಿಧಾನವಾಗುತ್ತಿರುತ್ತದೆ, ಮೈ ತಣ್ಣಗಾಗುತ್ತಿರುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತಿರುತ್ತದೆ. ಎಬ್ಬಿಸಿದರೆ ಎದ್ದು ಕಾಲು ತಡವರಿಸಿ ಮತ್ತೆ ಬೀಳುತ್ತದೆ. ಕೆಲವು ವಾಂತಿ ಮಾಡುತ್ತವೆ. ಇದಕ್ಕೆ ಪ್ರತಿಮದ್ದು ಇದೆ: ಯೋಹಿಂಬಿನ್ ಅಥವಾ ಅಟಿಪಮೆಜೋಲ್ ಎಂಬ ಇಂಜೆಕ್ಷನ್. ಆದರೆ ಡಾಕ್ಟರಿಗೆ ಏನು ಹಾಕಿದ್ದೀರಿ ಎಂದು ಗೊತ್ತಾಗಬೇಕಲ್ಲ. ಸಿರಪ್ಪಿನ ಬಾಟಲಿ ತೋರಿಸಿ "ಉಣ್ಣೆ ಔಷಧಿ" ಎಂದರೆ ಅವರು ಏನೆಂದು ತಿಳಿಯಬೇಕು? ಅದೇ ಬಾಟಲಿಯಲ್ಲಿ ಡೆಲ್ಟಾಮೆಥ್ರಿನ್ ಅಥವಾ ಸೈಪರ್ಮೆಥ್ರಿನ್ ಇದ್ದಿದ್ದರೆ ಲಕ್ಷಣವೇ ಬೇರೆ, ಜೊಲ್ಲು, ನಡುಕ, ಫಿಟ್ಸು. ಚಿಕಿತ್ಸೆಯೂ ಬೇರೆ.

ನಾನು ಕಾನೂನು ಕಲಿಸಲು ಬಂದಿಲ್ಲ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ 1945ರ ಔಷಧ ನಿಯಮಗಳ 65ನೇ ನಿಯಮವನ್ನು ನೆನಪಿಸುತ್ತೇನೆ. ತಯಾರಕರ ಮೂಲ ಬಾಟಲಿಯಿಂದ ತೆಗೆದು ಬೇರೆ ಪಾತ್ರೆಯಲ್ಲಿ ಕೊಡುವುದಾದರೆ ಅದು ನೋಂದಾಯಿತ ಫಾರ್ಮಸಿಸ್ಟಿನ ಕಣ್ಣೆದುರೇ ಆಗಬೇಕು. ಆ ಪಾತ್ರೆಯ ಮೇಲೆ ಔಷಧಿಯ ಹೆಸರು, ಎಷ್ಟು ಕೊಟ್ಟಿದೆ, ಕೊಟ್ಟ ಅಂಗಡಿಯ ಹೆಸರು ವಿಳಾಸ ಇರಬೇಕು. ನಮ್ಮಲ್ಲಿ ತಪಾಸಣೆಗೆ ಬರುವ ಇನ್ಸ್‌ಪೆಕ್ಟರು ಫ್ರಿಡ್ಜಿನ ಉಷ್ಣಾಂಶ ನೋಡುತ್ತಾರೆ, ಎಕ್ಸ್‌ಪೈರಿ ಆದ ಮಾತ್ರೆ ಹುಡುಕುತ್ತಾರೆ, ದಾಖಲೆ ಇಟ್ಟೇ ಮಾರಬೇಕಾದ ಔಷಧಿಗಳ ಷೆಡ್ಯೂಲ್ ಎಚ್1 ರಿಜಿಸ್ಟರು ತಿರುವಿ ಹಾಕುತ್ತಾರೆ. ಪಶು ಔಷಧಿಯ ಕಪಾಟಿನ ಮುಂದೆ ನಿಂತು "ಇದನ್ನು ಬಿಡಿ ಕೊಡುತ್ತೀರಾ?" ಎಂದು ಕೇಳಿದವರನ್ನು ನಾನು ಕಂಡಿಲ್ಲ. ಹೊಸ ಕಾನೂನು ಬೇಕಿಲ್ಲ, ಒಂದು ಸುತ್ತೋಲೆ ಸಾಕು: ತಪಾಸಣೆಯ ಪಟ್ಟಿಯಲ್ಲಿ ಆ ಕಪಾಟೂ ಸೇರಲಿ.

ಗೊಬ್ಬರದ ಅಂಗಡಿಯ ವಿಷಯ ಇನ್ನೂ ವಿಚಿತ್ರ. 1971ರ ಕೀಟನಾಶಕ ನಿಯಮಗಳ ಪ್ರಕಾರ ಬೆಳೆಗೆ ಹೊಡೆಯುವ ಔಷಧಿಯ ಲೇಬಲ್ಲು, ಒಳಗಿನ ಚೀಟಿ ಎರಡೂ ಆಯಾ ಸೀಮೆಯ ಭಾಷೆಯಲ್ಲೂ ಇರಬೇಕು. ಹಾಗಾಗಿ ತೆಂಗಿನ ಮರಕ್ಕೆ, ತೊಗರಿಗೆ ಹೊಡೆಯುವ ಔಷಧಿಯ ಜೊತೆ ರೈತನಿಗೆ ಕನ್ನಡದ ಚೀಟಿ ಸಿಗುತ್ತದೆ. ವಿಷದ ತೀವ್ರತೆ ತೋರಿಸಲು ಕೆಂಪು, ಹಳದಿ, ನೀಲಿ, ಹಸಿರು ಗುರುತೂ ಇರುತ್ತದೆ. ಅದೇ ರೈತ ಮನೆಯ ಮರಿನಾಯಿಗೆ ಒಯ್ಯುವ ಔಷಧಿಯ ಮೇಲೆ? ನನ್ನ ಕಪಾಟಿನಲ್ಲಿರುವ ಒಂದೂ ಪೆಟ್ಟಿಗೆಯ ಮೇಲೆ ಕನ್ನಡದ ಒಂದು ಸಾಲಿಲ್ಲ. ಸಾಸಿವೆ ಕಾಳಿನ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ, ಮಡಚಿ ಮಡಚಿ ಒಳಗೆ ತುರುಕಿದ ಹಾಳೆಯ ಎರಡನೇ ಬದಿಯಲ್ಲಿ, "ಎಂಟು ವಾರಕ್ಕಿಂತ ಚಿಕ್ಕ ಮರಿಗೆ ಬೇಡ" ಎಂಬ ಮಾತು ಇರುತ್ತದೆ. ನನಗೇ ಓದಲು ಕನ್ನಡಕ ಬೇಕು. ಮರದ ಕಾಯಿಗೆ ಸಿಕ್ಕ ಗೌರವ ಮರಿಗೂ ಸಿಗಲಿ ಎಂಬುದಷ್ಟೇ ನನ್ನ ಕೋರಿಕೆ.

ಮರಿಗೂ ದೊಡ್ಡ ನಾಯಿಗೂ ಏನು ವ್ಯತ್ಯಾಸ, ಔಷಧಿಯನ್ನು ಸ್ವಲ್ಪ ಕಡಿಮೆ ಹಾಕಿದರೆ ಮುಗಿಯಿತಲ್ಲ ಎನ್ನುವವರು ಬಹಳ ಮಂದಿ. ಓದಿದವರೂ ಹೇಳುತ್ತಾರೆ. ಔಷಧಿಯನ್ನು ಒಡೆದು ಹೊರಹಾಕುವ ಕೆಲಸ ಪಿತ್ತಜನಕಾಂಗದ್ದು. ಮರಿಯಲ್ಲಿ ಅದು ಪೂರ್ತಿ ಕೆಲಸಕ್ಕೆ ನಿಲ್ಲಲು ಕೆಲವು ತಿಂಗಳೇ ಬೇಕು. ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಗ್ಗದಂತೆ ತಡೆಯುವ ಪೊರೆಯೂ ಮೊದಲ ವಾರಗಳಲ್ಲಿ ಬಿಗಿಯಾಗಿರುವುದಿಲ್ಲ. ತೂಕಕ್ಕೆ ಹೋಲಿಸಿದರೆ ಮರಿಯ ಮೈಚರ್ಮ ದೊಡ್ಡದು, ತೆಳುವು, ಹೊಟ್ಟೆಯ ಕೆಳಗಂತೂ ಕೂದಲೇ ಇಲ್ಲ. ಹಚ್ಚಿದ್ದು ಬೇಗ ಒಳಗಿಳಿಯುತ್ತದೆ. ಮೇಲಾಗಿ ಮರಿಗಳು ಒಂದನ್ನೊಂದು ನೆಕ್ಕುತ್ತವೆ, ತಾಯಿ ಎಲ್ಲವನ್ನೂ ನೆಕ್ಕುತ್ತಾಳೆ. ಹೊರಗೆ ಹಚ್ಚಿದ ಔಷಧಿ ಹೀಗೆ ಬಾಯಿಯ ದಾರಿಯಲ್ಲೂ ಒಳಗೆ ಹೋಗುತ್ತದೆ. ನಾಲ್ಕು ವಾರದೊಳಗಿನ ಮರಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಸರಿಯಾಗಿ ಬಂದಿರುವುದಿಲ್ಲ. ಅಂಥದ್ದನ್ನು ಔಷಧಿ ನೀರಿನಲ್ಲಿ ಅದ್ದಿ ಸಿಮೆಂಟ್ ನೆಲದ ಮೇಲೆ ಬಿಟ್ಟರೆ, ಔಷಧಿಯಿಂದ ಹೋಯಿತೋ ಚಳಿಯಿಂದ ಹೋಯಿತೋ ಎಂದು ಹೇಳುವುದೂ ಕಷ್ಟ.

ಇನ್ನು ಐವರ್ಮೆಕ್ಟಿನ್. ಮನುಷ್ಯರಿಗೂ ಜಾನುವಾರುಗಳಿಗೂ ಇದು ಮಾಡಿರುವ ಉಪಕಾರ ದೊಡ್ಡದು. ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಬಂದಿದೆ. ಆ ಕೀರ್ತಿಯೇ ಮರಿಗಳಿಗೆ ಮುಳುವಾಗಿದೆ ಅನ್ನಿಸುತ್ತದೆ. "ಒಂದು ಸೂಜಿ ಹಾಕಿಸಿದರೆ ಉಣ್ಣೆ, ಚಿಗಟ, ಕಜ್ಜಿ, ಜಂತು ಎಲ್ಲಾ ಹೋಗುತ್ತೆ" ಎಂಬ ಮಾತು ಊರೂರಿನಲ್ಲಿದೆ. ಚಿಗಟಕ್ಕೆ ಅದು ನಾಟುವುದಿಲ್ಲ, ಉಣ್ಣೆಗೂ ನೆಚ್ಚುವಂಥದ್ದಲ್ಲ. ದನಕ್ಕೆ ಕೊಡುವ 1 ಪರ್ಸೆಂಟಿನ ಇಂಜೆಕ್ಷನ್‌ನಲ್ಲಿ 1 ಮಿಲಿ ಎಂದರೆ 50 ಕೆ.ಜಿ. ತೂಕಕ್ಕೆ. ಅದೇ ಲೆಕ್ಕದಲ್ಲಿ 1 ಕೆ.ಜಿ. ತೂಗುವ ಮರಿಗೆ ಬೀಳುವುದು 0.02 ಮಿಲಿ. ನಾವು ಮಾರುವ 40 ಯೂನಿಟ್ಟಿನ ಇನ್ಸುಲಿನ್ ಸಿರಿಂಜಿನಲ್ಲಿ ಒಂದು ಗೀಟು ಎಂದರೆ 0.025 ಮಿಲಿ; ಅಂದರೆ ಮೊದಲ ಗೀಟಿಗೂ ಮುಂಚೆಯೇ ಮರಿಯ ಪಾಲು ಮುಗಿಯುತ್ತದೆ. ಇದನ್ನು ಯಾರೋ 2 ಮಿಲಿಯ ಸಾಮಾನ್ಯ ಸಿರಿಂಜಿನಲ್ಲಿ ಕಣ್ಣಂದಾಜಿಗೆ "ಒಂಚೂರು" ಎಳೆದು ಚುಚ್ಚಿದರೆ ಏನಾಗುತ್ತದೆ ಎಂದು ಊಹಿಸಬಹುದು. ನಡುಗುವುದು, ಕಣ್ಣು ಕಾಣದೆ ಗೋಡೆಗೆ ತಲೆ ಹೊಡೆದುಕೊಳ್ಳುವುದು, ಎಚ್ಚರ ತಪ್ಪುವುದು. ಇದಕ್ಕೆ ಪ್ರತಿಮದ್ದೂ ಇಲ್ಲ, ದಿನಗಟ್ಟಲೆ ಡ್ರಿಪ್ ಹಾಕಿಕೊಂಡು ಕಾಯಬೇಕು. ಕಾಲಿ ಜಾತಿಯ ನಾಯಿಗಳಿಗೆ ಇದು ಯಾಕೆ ಅಷ್ಟು ವಿಷ ಎಂಬುದಕ್ಕೆ ಕಾರಣವಾದ ಜೀನ್ ದೋಷವನ್ನು ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯವರು 2001ರಲ್ಲಿ ತೋರಿಸಿಕೊಟ್ಟರು. ಅದೇ ದೋಷ ಕೆಲವು ಜರ್ಮನ್ ಶೆಫರ್ಡುಗಳಲ್ಲೂ ಇದೆ. ನಮ್ಮ ಕಡೆ ಕಾಲಿ ಅಪರೂಪ, ಶೆಫರ್ಡು ಬೀದಿಗೆರಡು.

ಮನೆಮದ್ದಿನ ಬಗ್ಗೆ ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ಹೊಗೆಸೊಪ್ಪಿನ ನೀರು, ಸೀಮೆಎಣ್ಣೆ, ಇರುವೆ ಚಾಕಿನ ಪುಡಿ, ಕರ್ಪೂರ ಕರಗಿಸಿದ ಎಣ್ಣೆ, ಈಚೆಗೆ ಆನ್‌ಲೈನಿನಲ್ಲಿ ಬರುವ ಟೀ ಟ್ರೀ ಎಣ್ಣೆ. ಇವೆಲ್ಲ ಮರಿಗೆ ವಿಷ. ನೈಸರ್ಗಿಕ ಎಂದು ಬಾಟಲಿಯ ಮೇಲೆ ಎಲೆಯ ಚಿತ್ರ ಹಾಕಿದ ಮಾತ್ರಕ್ಕೆ ನಿಕೋಟಿನ್ ಅಮೃತವಾಗುವುದಿಲ್ಲ.

ಈಗ ಮಾತ್ರೆಗಳ ಕಡೆ ಬರುತ್ತೇನೆ, ಯಾಕೆಂದರೆ ಪೇಟೆ ಆ ಕಡೆ ತಿರುಗಿದೆ. ಮಾಂಸದ ರುಚಿ ಸೇರಿಸಿದ, ನಾಯಿ ತಾನಾಗಿ ಅಗಿದು ತಿನ್ನುವ ಮಾತ್ರೆಗಳು: ಅಫೋಕ್ಸೊಲನರ್, ಫ್ಲುರಲನರ್, ಸರೋಲನರ್, ಲೋಟಿಲನರ್. ಎಲ್ಲ ಒಂದೇ ಗುಂಪಿನವು, ಐಸೊಕ್ಸಜೋಲಿನ್ ಎನ್ನುತ್ತಾರೆ. ಉಣ್ಣೆ ಚಿಗಟಗಳ ನರಕ್ಕೆ ಹೊಡೆದು ಕೊಲ್ಲುತ್ತವೆ. ಅಮಿಟ್ರಾಜಿನ ಚೊಂಬಿಗೆ ಹೋಲಿಸಿದರೆ ಇವು ಎಷ್ಟೋ ವಾಸಿ, ಇದನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. 2018ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಗುಂಪಿನ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ಮೈನಡುಕ, ತೂರಾಟ, ಫಿಟ್ಸು ಬರಬಹುದೆಂದು ಎಚ್ಚರಿಕೆ ಹೊರಡಿಸಿತು. ಅದೇ ಪ್ರಕಟಣೆಯಲ್ಲಿ ಬಹುಪಾಲು ನಾಯಿಗಳಿಗೆ ಇವು ಸುರಕ್ಷಿತ ಎಂದೂ ಹೇಳಿತ್ತು. ನಮ್ಮ ವಾಟ್ಸ್ಯಾಪಿನಲ್ಲಿ ಮೊದಲರ್ಧ ಮಾತ್ರ ಓಡಾಡುತ್ತದೆ. "ಈ ಮಾತ್ರೆ ಕೊಟ್ಟರೆ ನಾಯಿ ಸಾಯುತ್ತೆ" ಎಂದು ಹೆದರಿ ಬಂದವರು ಮತ್ತೆ ಹಸುವಿನ ಬಾಟಲಿಯನ್ನೇ ಕೇಳುತ್ತಾರೆ. ಬಾಣಲೆಯಿಂದ ಬೆಂಕಿಗೆ.

ಈ ಮಾತ್ರೆಗಳಲ್ಲಿ ಮರಿಯ ವಯಸ್ಸಿನ ಪ್ರಶ್ನೆ ಹೇಗೆ ಬರುತ್ತದೆ ನೋಡಿ. ಯುರೋಪಿನಲ್ಲಿ ಸರೋಲನರ್ ಮಾತ್ರೆಗೆ ಎಂಟು ವಾರ ಮತ್ತು 1.3 ಕೆ.ಜಿ. ಆಗಿದ್ದರೆ ಸಾಕು. ಅದೇ ಮಾತ್ರೆ ಅಮೆರಿಕದಲ್ಲಿ ಆರು ತಿಂಗಳಾಗುವವರೆಗೆ ಬೇಡ. ಮೂರು ತಿಂಗಳಿಗೊಮ್ಮೆ ಕೊಡುವ ಫ್ಲುರಲನರ್ ಮಾತ್ರೆಯೂ ಹಾಗೆಯೇ: ಯುರೋಪಿನಲ್ಲಿ ಎಂಟು ವಾರ, 2 ಕೆ.ಜಿ., ಅಮೆರಿಕದಲ್ಲಿ ಆರು ತಿಂಗಳು. ಅಫೋಕ್ಸೊಲನರ್‌ಗೆ ಎರಡೂ ಕಡೆ ಎಂಟು ವಾರ. ಸರೋಲನರನ್ನು ಎಂಟು ವಾರದ ಬೀಗಲ್ ಮರಿಗಳಿಗೆ ಬೇಕೆಂದೇ ಹೆಚ್ಚು ಪ್ರಮಾಣದಲ್ಲಿ ಕೊಟ್ಟು ನೋಡಿದಾಗ, ಗರಿಷ್ಠ ಪ್ರಮಾಣದ ಮೂರು ಪಟ್ಟಿನಲ್ಲಿ ಸಣ್ಣ ನಡುಕ, ಐದು ಪಟ್ಟಿನಲ್ಲಿ ಫಿಟ್ಸು ಕಂಡಿದೆ. ತಾನಾಗಿ ಕಡಿಮೆಯೂ ಆಗಿದೆ. ಸರಿಯಾದ ಪ್ರಮಾಣ ಕೊಟ್ಟರೆ ಹೆದರಬೇಕಾದ್ದಿಲ್ಲ, ಪ್ರಮಾಣ ತಪ್ಪಿದರೆ ಹೆದರಬೇಕು, ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಎರಡು ಕಡೆಯ ತಜ್ಞರು ಎರಡು ಗೆರೆ ಎಳೆದಿದ್ದಾರೆ, ಇರಲಿ. ಎರಡರಲ್ಲೂ ಗೆರೆಯೊಂದಿದೆ. ನಮ್ಮ ಕೌಂಟರಿನಲ್ಲಿ ಗೆರೆಯೇ ಇಲ್ಲ.

ಪ್ರಮಾಣ ತಪ್ಪುವುದು ಎಲ್ಲಿ ಎಂದರೆ, ಮಾತ್ರೆಯನ್ನು ಚೂರು ಮಾಡುವಲ್ಲಿ. ಈ ಮಾತ್ರೆಗಳ ಬೆಲೆ ಜೋರು. ಚಿಕ್ಕ ನಾಯಿಯ ಮಾತ್ರೆಗೂ ದೊಡ್ಡ ನಾಯಿಯ ಮಾತ್ರೆಗೂ ಬೆಲೆಯಲ್ಲಿ ಅಷ್ಟೇನೂ ಅಂತರವಿಲ್ಲ. ಹಾಗಾಗಿ ನಾಲ್ಕು ಮರಿ ಇರುವವರು ದೊಡ್ಡದೊಂದನ್ನು ತೆಗೆದುಕೊಂಡು ಚಾಕುವಿನಲ್ಲಿ ನಾಲ್ಕು ಭಾಗ ಮಾಡುತ್ತಾರೆ. ನೂರಿನ್ನೂರು ಉಳಿಸುವ ಈ ಜಾಣತನ ನನಗೂ ಅರ್ಥವಾಗುತ್ತದೆ, ವ್ಯಾಪಾರಿ ನಾನು. ಲೆಕ್ಕ ಮಾಡಿ ನೋಡಿ: 25ರಿಂದ 50 ಕೆ.ಜಿ. ನಾಯಿಗೆ ಬರುವ ಅಫೋಕ್ಸೊಲನರ್ ಮಾತ್ರೆಯಲ್ಲಿ 136 ಮಿಲಿಗ್ರಾಂ ಇರುತ್ತದೆ. ಕಾಲು ಭಾಗಕ್ಕೆ 34. ಎರಡು ಕೆ.ಜಿ. ಮರಿಗಾಗಿಯೇ ಮಾಡಿದ ಮಾತ್ರೆಯಲ್ಲಿ ಇರುವುದು 11.3. ಮೂರು ಪಟ್ಟು ಬಿತ್ತು. ಔಷಧಿ ಮಾತ್ರೆಯ ತುಂಬ ಒಂದೇ ಸಮ ಹರಡಿದೆ ಎಂದು ನಂಬಿಕೊಂಡು ಹಾಕಿದ ಲೆಕ್ಕ ಇದು. ಒಡೆಯಬೇಡಿ ಎಂದು ತಯಾರಕರೇ ಬರೆದಿರುವಾಗ ಆ ನಂಬಿಕೆಗೂ ಆಧಾರವಿಲ್ಲ.

ಆಯುಕ್ತರೇ, ಈ ಭಾಗ ನಿಮಗೆ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ನಮ್ಮ ಊರಿನಲ್ಲಿ, ತುಮಕೂರಿನಲ್ಲಿ, ಬೆಂಗಳೂರಿನ ರಸ್ತೆ ಬದಿಯಲ್ಲಿ ಬುಟ್ಟಿಯಲ್ಲಿಟ್ಟು ಮಾರುವ ಮರಿಗಳಿಗೆ ಎಂಟು ವಾರ ಆಗಿರುತ್ತದೆ ಎಂದು ನಂಬುವವರು ಯಾರು? ಮರಿ ಚಿಕ್ಕದಾದಷ್ಟೂ ಮುದ್ದು, ಮುದ್ದಾದಷ್ಟೂ ಬೆಲೆ. ಮಾರುವವನು "ಅರವತ್ತು ದಿನ ಆಗಿದೆ" ಎನ್ನುತ್ತಾನೆ, ಕೊಂಡವರು ಅದನ್ನೇ ನನ್ನ ಕೌಂಟರಿನಲ್ಲಿ ಹೇಳುತ್ತಾರೆ. ನಾನು ಎಂಟು ವಾರದ ಮಾತ್ರೆಯನ್ನು ನಿಯಮದ ಪ್ರಕಾರವೇ ಕೊಟ್ಟೆ ಎಂದುಕೊಂಡರೂ, ಅದು ಹೋಗುವುದು ಐದು ವಾರದ ಮರಿಯ ಹೊಟ್ಟೆಗೆ. ಹಾಗಾಗಿ ಮರಿಯನ್ನೇ ತಂದವರಿದ್ದರೆ ನಾನು ಬಾಯಿ ತೆರೆಸಿ ನೋಡುತ್ತೇನೆ. ಮುಂದಿನ ಹಾಲುಹಲ್ಲು ಈಗಷ್ಟೇ ವಸಡು ಒಡೆದು ಬರುತ್ತಿದ್ದರೆ ನಾಲ್ಕೈದು ವಾರ ಇರಬಹುದು. ಹಿಂದಿನ ದವಡೆಯೂ ಸೇರಿ 28 ಹಾಲುಹಲ್ಲು ಬರುವ ಹೊತ್ತಿಗೆ ಹೆಚ್ಚುಕಡಿಮೆ ಎಂಟು ವಾರ. ಇದು ಅಂದಾಜು ಅಷ್ಟೇ, ಆದರೆ ಮಾರುವವನ ಮಾತಿಗಿಂತ ಹಲ್ಲಿನ ಮಾತು ವಾಸಿ. ತೂಕಕ್ಕೆ ಪಕ್ಕದ ತರಕಾರಿ ಅಂಗಡಿಯ ತಕ್ಕಡಿ ಇದೆ. ಈರುಳ್ಳಿಯ ತಟ್ಟೆಯಲ್ಲಿ ಮರಿ ಕೂರಿಸಿದರೆ ಅಂಗಡಿಯಾಕೆ ಬೈಯುತ್ತಾಳೆ, ತೂಗಿಯೂ ಕೊಡುತ್ತಾಳೆ.

ಇಷ್ಟೆಲ್ಲ ಓದಿ "ಹಾಗಾದರೆ ಮರಿಗೆ ಔಷಧಿಯೇ ಬೇಡ" ಎಂದು ಯಾರೂ ತೀರ್ಮಾನಿಸಬಾರದು. ಉಣ್ಣೆಯೂ ಕೊಲ್ಲುತ್ತದೆ. ನಮ್ಮ ನಾಯಿಗಳ ಮೇಲೆ ಹೆಚ್ಚಾಗಿ ಇರುವ ಕಂದು ಉಣ್ಣೆ ಎರ್ಲಿಕಿಯಾ, ಬಬೀಸಿಯಾ ರೋಗಗಳನ್ನು ಹೊತ್ತು ತರುತ್ತದೆ. ಜನ ಎರಡನ್ನೂ ಟಿಕ್ ಫೀವರ್ ಎಂದೇ ಕರೆಯುತ್ತಾರೆ. ಮೂಗಿನಲ್ಲಿ ರಕ್ತ, ಕಾಫಿ ಬಣ್ಣದ ಮೂತ್ರ, ಬಿಳಿಚಿದ ವಸಡು ಕಂಡಾಗ ಬಂದವರು ಎಷ್ಟೋ ಜನ. ಚಿಗಟವನ್ನು ಹಗುರವಾಗಿ ಕಾಣುತ್ತಾರೆ, ಆದರೆ ಒಂದು ಕೆ.ಜಿ. ಮರಿಯ ಮೈತುಂಬ ಚಿಗಟ ಸೇರಿದರೆ ರಕ್ತ ಹೀರಿಯೇ ಅದನ್ನು ಮಲಗಿಸಿಬಿಡುತ್ತವೆ. ಉಣ್ಣೆಯನ್ನು ಉಣುಗು ಎನ್ನುವ ಮಲೆನಾಡಿನವರಿಗೆ ಅದು ಏನೆಂದು ಹೇಳಬೇಕಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಇವತ್ತಿಗೂ ಪ್ರತಿ ಬೇಸಿಗೆ ಜನರನ್ನು ಕಾಡುತ್ತಿದೆ. ಆ ಉಣುಗಿನ ಜಾತಿ ಬೇರೆ, ಅದು ಕಾಡಿನದು. ಆದರೂ ಕಾಡಂಚಿನ ಮನೆಯವರು ನಾಯಿಯ ಮೈಮೇಲೆ ಉಣುಗು ಕಂಡರೆ ಗಾಬರಿಯಾಗಿ ಕೈಗೆ ಸಿಕ್ಕ ಔಷಧಿ ಸುರಿಯುವುದರಲ್ಲಿ ಆಶ್ಚರ್ಯವಿಲ್ಲ. ಸರಿಯಾದ ಔಷಧಿ ಯಾವುದು ಎಂದು ಹೇಳುವವರು ಬೇಕು.

ಎಂಟು ವಾರದೊಳಗಿನ ಮರಿಗೂ ದಾರಿಗಳಿವೆ. ಕೈಗೆ ಸಿಗುವ ಉಣ್ಣೆಯನ್ನು ಚಿಮಟದಲ್ಲಿ ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಎಳೆದು ಸ್ಪಿರಿಟ್ಟಿನಲ್ಲಿ ಹಾಕಬಹುದು, ಉಗುರಿನಲ್ಲಿ ಕುಕ್ಕಬಾರದು. ಚಿಗಟಕ್ಕೆ ಹೇನಿನ ಬಾಚಣಿಗೆ ಸಾಕಾಗುತ್ತದೆ, ಬಾಚಿದ್ದನ್ನು ಸೋಪಿನ ನೀರಿಗೆ ಒದರಬೇಕು. ತಾಯಿಗೆ ಚಿಕಿತ್ಸೆ ಮಾಡಿಸಬೇಕು, ಹಾಲೂಡುವ ತಾಯಿಗೆ ಯಾವುದು ಸೈ ಎಂದು ಡಾಕ್ಟರನ್ನು ಕೇಳಿ. ಮಲಗುವ ಗೋಣಿಚೀಲವನ್ನು ಕುದಿಯುವ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಕಂದು ಉಣ್ಣೆಯ ಹೆಣ್ಣು ನಾಯಿಯಿಂದ ಉದುರಿ ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಮರಿಯ ಮೈಮೇಲೆ ಕಾಣುವುದು ಸ್ವಲ್ಪ, ಗೂಡಿನ ಸಂದಿನಲ್ಲಿ ಇರುವುದು ಬಹಳ. ಆ ಬಿರುಕಿಗೆ ಸಿಮೆಂಟು ಮೆತ್ತಿಸಿದರೆ ಒಂದು ಬಾಟಲಿ ಔಷಧಿ ಉಳಿಯುತ್ತದೆ. ವ್ಯಾಪಾರಿಯ ಬಾಯಲ್ಲಿ ಈ ಮಾತು ಬರಬಾರದು, ಬಂದಿದೆ.

ತಪ್ಪಾಗಿ ಹೆಚ್ಚು ಬಿದ್ದರೆ: ಉಗುರು ಬೆಚ್ಚಗಿನ ನೀರು, ಮಕ್ಕಳ ಶಾಂಪೂ ಹಾಕಿ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿ ಆಸ್ಪತ್ರೆಗೆ ಓಡಬೇಕು, ಬಾಟಲಿಯ ಸಮೇತ. ವಾಂತಿ ಮಾಡಿಸಲು ಹೋಗಬಾರದು. ಅಮಿಟ್ರಾಜಿನ ದ್ರಾವಣದಲ್ಲಿ ಅದನ್ನು ಕರಗಿಸುವ ಕ್ಸೈಲೀನ್ ಎಂಬ ರಾಸಾಯನಿಕ ಇರುತ್ತದೆ, ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕೆಡುಕು. ಇಂಥ ಹೊತ್ತಿನಲ್ಲಿ ಜನ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡುತ್ತಾರೆ. ಆ ಕಡೆ ಫೋನ್ ಎತ್ತುವವರ ಮುಂದೆ ಇದರದ್ದೊಂದು ಪುಟ ಇರಲಿ. ಯಾವ ಔಷಧಿ, ಮರಿಯ ತೂಕ, ಎಷ್ಟು ಹೊತ್ತಾಯಿತು ಎಂಬ ಮೂರು ಪ್ರಶ್ನೆ ಕೇಳಿ ಬರೆದಿಟ್ಟುಕೊಂಡರೆ, ವರ್ಷದ ಕೊನೆಗೆ ಯಾವ ಔಷಧಿಯಿಂದ ಎಷ್ಟು ಮರಿ ನರಳಿದವು ಎಂಬ ಲೆಕ್ಕ ನಿಮ್ಮ ಕೈಯಲ್ಲೇ ಇರುತ್ತದೆ. ಅಮೆರಿಕದಲ್ಲಿ ಎಫ್‌ಡಿಎಗೆ 2018ರ ಎಚ್ಚರಿಕೆ ಹೊರಡಿಸಲು ಆಗಿದ್ದೇ ಸಾಕುವವರೂ ಡಾಕ್ಟರುಗಳೂ ಕಳಿಸಿದ ಇಂಥ ವರದಿಗಳಿಂದ. ನಮ್ಮ ತಾಲ್ಲೂಕಿನಲ್ಲಿ ಸತ್ತ ಮರಿ ಹಿತ್ತಲಿನಲ್ಲಿ ಮಣ್ಣಾಗುತ್ತದೆ, ಯಾರ ಪುಸ್ತಕಕ್ಕೂ ಏರುವುದಿಲ್ಲ.

ಪಶುವೈದ್ಯರಿಗೂ ಒಂದು ವಿನಂತಿ. ನಿಮ್ಮ ಕೆಲಸದ ಒತ್ತಡ ಗೊತ್ತು. ಬೆಳಗ್ಗೆ ಎಮ್ಮೆಯ ಹೆರಿಗೆ, ಮಧ್ಯಾಹ್ನ ಕಾಲುಬಾಯಿ ಲಸಿಕೆ, ನಡುವೆ ನಾಯಿ. ಆದರೂ ಚೀಟಿಯಲ್ಲಿ ಬರೀ ಬ್ರ್ಯಾಂಡಿನ ಹೆಸರು ಗೀಚಿ "ಹಚ್ಚಿ" ಎಂದು ಬಿಡಬೇಡಿ. ಮರಿಯ ತೂಕ, ಎಷ್ಟು ಮಿಲಿಗೆ ಎಷ್ಟು ನೀರು, ಮತ್ತೆ ಯಾವಾಗ, ಮೂರು ಬರೆದರೆ ಕೌಂಟರಿನಲ್ಲಿ ನಿಂತ ನಮಗೆ ಬಲ ಬರುತ್ತದೆ. ಮನೆಯಲ್ಲಿ ಬೆಕ್ಕಿದೆಯೇ ಎಂದೂ ಕೇಳಿ. ನಾಯಿಯ ಬೆನ್ನಿಗೆ ಹಾಕುವ ಪರ್ಮೆಥ್ರಿನ್ ಹನಿ, ಪಕ್ಕದಲ್ಲಿ ಮಲಗಿದ ಬೆಕ್ಕಿಗೆ ಪ್ರಾಣಾಂತಿಕ.

ಕೇಂದ್ರದ ಲೇಬಲ್ ನಿಯಮ ಬದಲಾಯಿಸುವುದು ರಾಜ್ಯದ ಕೈಯಲ್ಲಿಲ್ಲ ಎಂಬ ಉತ್ತರ ಬರಬಹುದೆಂದು ನನಗೆ ಗೊತ್ತು. ದೆಹಲಿಗೆ ಒಂದು ಪತ್ರ ಬರೆಯುವುದು ಕೈಯಲ್ಲಿದೆ. ಅದು ಬರುವವರೆಗೆ, ಪಶು ಔಷಧಿ ಮಾರುವ ಪ್ರತಿ ಅಂಗಡಿಯ ಕೌಂಟರಿನಲ್ಲಿ ಒಂದು ಕನ್ನಡ ಹಾಳೆ ಅಂಟಿಸಿರಬೇಕೆಂದು ಆದೇಶಿಸುವುದೂ ಕೈಯಲ್ಲಿದೆ. ಎಷ್ಟು ವಾರದ, ಎಷ್ಟು ತೂಕದ ಮರಿಗೆ ಯಾವುದು ಸಲ್ಲ ಎಂಬುದು ಆ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಇದ್ದರೆ, ಚೀಟಿ ತನ್ನಿ ಎಂದು ವಾಪಸ್ ಕಳಿಸುವ ಅಂಗಡಿಯವನು ಗಿರಾಕಿಯ ಕಣ್ಣಿಗೆ ಕೆಟ್ಟವನಾಗುವುದಿಲ್ಲ.

ಅಂಥ ಹಾಳೆಯ ಕರಡೊಂದನ್ನು ಬರೆದು ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಅದು ನನ್ನಂಥ ಫಾರ್ಮಸಿಸ್ಟ್ ಬರೆದದ್ದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರದ ಮೇಷ್ಟರುಗಳು ಒಮ್ಮೆ ನೋಡಿ ತಿದ್ದಿಕೊಡುವಂತೆ ಮಾಡಿ. ತಿದ್ದಿದ ಪ್ರತಿ ಕೈಗೆ ಬಂದರೆ ನಮ್ಮ ತಾಲ್ಲೂಕಿನ ಮಟ್ಟಿಗೆ ಮುದ್ರಣದ ಖರ್ಚು ಹಾಕಲು ನಾವು ಕೆಲವು ಔಷಧಿ ವ್ಯಾಪಾರಿಗಳು ತಯಾರಿದ್ದೇವೆ. ಮುಂದಿನ ಬೇಸಿಗೆಯ ಉಣ್ಣೆ ಶುರುವಾಗುವ ಮುಂಚೆ, ಅಂದರೆ ಫೆಬ್ರವರಿಯೊಳಗೆ, ಬಂದರೆ ಉಪಯೋಗ.

ಇತಿ,
ನಿಮ್ಮ ವಿಶ್ವಾಸಿ,
ಒಬ್ಬ ಔಷಧಿ ವ್ಯಾಪಾರಿ,
ತಿಪಟೂರು